ಆ ಬಿಳಿ ಓಮ್ನಿ ಯಾರದ್ದು?

ನಮ್ಮ ಪೇಟೆಯ ವರ್ತಕರ ಸಂಘದ ತುರ್ತು ಸಭೆ ಮೊನ್ನೆ ನಡೆಯಿತು. ತುರ್ತು ಸಭೆ ಅಂದರೆ ಮೂರು ಸಲ ಮುಂದೆ ಹೋಗಿ ನಾಲ್ಕನೇ ಸಲ ನಡೆಯುವುದು. ಯಾವ ಪೇಟೆ ಅಂತ ಮಾತ್ರ ಕೇಳಬೇಡಿ, ನಾನು ಇಲ್ಲೇ ಷಟರ್ ಎತ್ತಿ ಬದುಕಬೇಕು. ಕೊಡಗಿನದ್ದು ಅನ್ನುವಷ್ಟು ಹೇಳಬಲ್ಲೆ. ಸೋಮವಾರ ಸಂತೆಯ ಸೋಮವಾರಪೇಟೆ, ಮಂಗಳವಾರದ ಕುಶಾಲನಗರ, ಬುಧವಾರದ ವಿರಾಜಪೇಟೆ, ಶುಕ್ರವಾರದ ಮಡಿಕೇರಿ, ಭಾನುವಾರದ ಗೋಣಿಕೊಪ್ಪ, ಯಾವುದು ಬೇಕಾದರೂ ಅಂದುಕೊಳ್ಳಿ. ನಿಮ್ಮ ಪೇಟೆಯೇ ಅನ್ನಿಸಿದರೆ ತಪ್ಪು ನನ್ನದಲ್ಲ.

ಚರ್ಚೆಯ ವಿಷಯ ಒಂದೇ. ಪೇಟೆಯಲ್ಲಿ ವ್ಯಾಪಾರ ಯಾಕೆ ಡಲ್ಲಾಗಿದೆ? ಹತ್ತೂವರೆಗೆ ಕರೆದ ಸಭೆ ಹನ್ನೊಂದೂಕಾಲಿಗೆ ಶುರುವಾಯಿತು. ತಡವಾಗಿ ಬಂದವರೆಲ್ಲ ಹೇಳಿದ ಕಾರಣವೂ ಒಂದೇ. ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ.

ನನ್ನದು ಕೊಡೆ, ರೈನ್‌ಕೋಟು, ಗಂಬೂಟು, ಟಾರ್ಪಾಲಿನ ಅಂಗಡಿ. ಜೂನ್‌ನಲ್ಲಿ ಮಳೆ ನನ್ನನ್ನು ಸಾಕುತ್ತದೆ, ಡಿಸೆಂಬರ್ ನಂತರ ಕಾಫಿ ಸಾಕುತ್ತದೆ. ಹಣ್ಣು ಕುಯ್ದು ಕಣದಲ್ಲಿ ಹರಡಿದ ಮೇಲೆ ಒಂದು ಕರಿ ಮೋಡ ಕಂಡರೆ ಸಾಕು, ತೋಟದವರು ಟಾರ್ಪಾಲಿಗೆ ಓಡಿ ಬರುತ್ತಾರೆ. ಬರುತ್ತಾರೆ, ಆದರೆ ಇಳಿಯುವುದಿಲ್ಲ. ಜೀಪಿನಿಂದಲೇ ನನಗೊಂದು ಕೈ ಬೀಸಿ ಮುಂದೆ ಹೋಗುತ್ತಾರೆ. ಹಿಂದಿನವನ ಹಾರ್ನು ಅವರನ್ನು ದಬ್ಬಿಕೊಂಡು ಹೋಗುತ್ತದೆ.

ಮೊದಲು ಎದ್ದವರು ಜವಳಿ ಅಂಗಡಿಯವರು. ಅವರಿಗೆ ಇತಿಹಾಸ ಅಂದರೆ ಪ್ರಾಣ. "ನಮ್ಮ ರಸ್ತೆ ಕಿರಿದು. ಕಟ್ಟಿದವರಿಗೆ ದೂರದೃಷ್ಟಿ ಇರಲಿಲ್ಲ" ಅಂದರು. ಈ ಲೆಕ್ಕದಲ್ಲಿ ಮಡಿಕೇರಿಯಾದರೆ ತಪ್ಪು 1681ರಲ್ಲಿ ರಾಜಧಾನಿ ತಂದ ಮುದ್ದುರಾಜನದು. ವಿರಾಜಪೇಟೆಯಾದರೆ 1792ರಲ್ಲಿ ಊರು ಕಟ್ಟಿದ ದೊಡ್ಡವೀರರಾಜೇಂದ್ರನದು. ಕುಶಾಲನಗರವಾದರೆ ಫ್ರೇಸರ್‌ಪೇಟೆ ಅಂತ ಹೆಸರಿಟ್ಟು ಹೋದ ಬ್ರಿಟಿಷರದ್ದು. ಆನೆ, ಕುದುರೆ ಇದ್ದ ರಾಜರು ಇನ್ನೋವಾ ಬಗ್ಗೆ ಯೋಚಿಸಲಿಲ್ಲ, ನಿಜ. ಅವರ ಮೇಲೆ ಖಂಡನಾ ನಿರ್ಣಯ ಆಗಲಿಲ್ಲ ಅನ್ನುವುದೇ ಪುಣ್ಯ.

ಎರಡನೆಯವರು ಬಂದ್ ಮಾಡೋಣ ಅಂದರು. ಕಾವೇರಿ ಹುಟ್ಟುವ ಜಿಲ್ಲೆ ನಮ್ಮದು, ಬಂದ್ ನಮಗೆ ಹೊಸದಲ್ಲ. ಆದರೆ ಇದರ ತರ್ಕ ನನಗೆ ಬಹಳ ಹಿಡಿಸಿತು. ವ್ಯಾಪಾರ ಆಗ್ತಿಲ್ಲ, ಅದಕ್ಕೆ ಒಂದು ದಿನ ವ್ಯಾಪಾರ ನಿಲ್ಲಿಸಿ ಪ್ರತಿಭಟಿಸೋಣ. ಹೊಟ್ಟೆಗಿಲ್ಲ ಅಂತ ಉಪವಾಸ ಕೂತ ಹಾಗೆ. ಯಾವ ವಾರ ಮಾಡುವುದು ಅನ್ನುವಲ್ಲಿ ಜಗಳವಾಯಿತು. ಸಂತೆಯ ದಿನ ಬೇಡ, ಆವತ್ತು ಗಿರಾಕಿ ಬರ್ತಾರೆ. ಶನಿವಾರ ಬೇಡ, ಟೂರಿಸ್ಟ್ ಬರ್ತಾರೆ. ಕೊನೆಗೆ ಯಾರೂ ಬಾರದ ಒಂದು ದಿನ ನೋಡಿ ಬಂದ್ ಮಾಡುವುದು ಅಂತಾಯಿತು.

ಮೂರನೆಯದು ಸೆಲ್ಫಿ ಪಾಯಿಂಟ್. ಊರಿನ ಹೆಸರು ದೊಡ್ಡ ಅಕ್ಷರದಲ್ಲಿ, ನಡುವೆ ಒಂದು ಕೆಂಪು ಹೃದಯ, ಪಕ್ಕದಲ್ಲಿ ಸಿಮೆಂಟಿನ ಕಾಫಿ ಕಪ್ಪು. ಎಲ್ಲಿ ನಿಲ್ಲಿಸುವುದು? ಆಟೋ ಸ್ಟ್ಯಾಂಡ್ ಪಕ್ಕದಲ್ಲಿ ನಾಲ್ಕು ಕಾರು ನಿಲ್ಲುವಷ್ಟು ಜಾಗ ಇದೆಯಲ್ಲ, ಅಲ್ಲೇ. ಪೇಟೆಯಲ್ಲಿ ಉಳಿದಿದ್ದ ಕಟ್ಟಕಡೆಯ ನಾಲ್ಕು ಜಾಗ ಅವು. ಚಪ್ಪಾಳೆಯೊಂದಿಗೆ ಒಪ್ಪಿಗೆಯಾಯಿತು.

ಟೂರಿಸ್ಟರ ಮೇಲೆ ನಮ್ಮ ಸಂಘಕ್ಕೆ ಇರುವ ಪ್ರೀತಿ ಎದುರುಮನೆ ಹುಡುಗಿ ಮೇಲಿನ ಪ್ರೀತಿಯ ಹಾಗೆ. ಆಕಡೆಯಿಂದ ಏನೂ ಇಲ್ಲ. ಅವರು ಬೆಂಗಳೂರಿನಿಂದ ಬರುವಾಗಲೇ ಮೈಸೂರಲ್ಲಿ ಚಿಪ್ಸು, ನೀರು, ಇದ್ದಿಲು, ಮಸಾಲೆ ಹಾಕಿದ ಕೋಳಿ ಎಲ್ಲ ತುಂಬಿಸಿಕೊಂಡು ನೇರ ಹೋಮ್‌ಸ್ಟೇಗೆ ಹೋಗುತ್ತಾರೆ. ಪೇಟೆ ಅವರಿಗೆ ಜಾಮ್ ಆಗುವ ಜಾಗ, ಅಷ್ಟೇ. ವಾಪಸ್ ಹೋಗುವಾಗ ಒಂದು ಡಬ್ಬ ಹೋಮ್‌ಮೇಡ್ ಚಾಕೊಲೇಟು ಒಯ್ಯುತ್ತಾರೆ. ಕೋಕೋ ಬೆಳೆಯುವುದು ಹೆಚ್ಚಾಗಿ ಘಟ್ಟದ ಕೆಳಗೆ, ಗೋಡಂಬಿಯೂ ಅಲ್ಲಿಯದೇ. ಹೋಮ್ ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಆದರೂ ಆ ಒಂದು ಡಬ್ಬ ನೋಡಿ ನಮ್ಮ ಬೀದಿಯ ಕೊಡೆ ರಿಪೇರಿಯವ ಹೋದ, ಬೀಗದ ಅಂಗಡಿ ಹೋಯಿತು, ಗುಂಡಿ-ದಾರದ ಅಂಗಡಿಯೂ ಹೋಯಿತು. ಈಗ ಒಂದೇ ಸಾಲಿನಲ್ಲಿ ಸ್ಪೈಸಸ್ ಅಂಗಡಿಗಳು. ಒಂದೇ ಏಲಕ್ಕಿ, ಒಂದೇ ಕರಿಮೆಣಸು, ಒಂದೇ ಕಾಚಂಪುಳಿ ಅನ್ನುವ ಕಪ್ಪು ಹುಳಿಯ ಬಾಟಲಿ. ಅಂಗಿಯ ಗುಂಡಿ ಕಿತ್ತುಹೋದರೆ ಏಲಕ್ಕಿ ಹೊಲಿದುಕೊಳ್ಳಬೇಕು.

ಬೋರ್ಡಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತು. ನಮ್ಮವರು ಶಿಸ್ತಾಗಿ ಪಾಲಿಸಿದರು. 'ಕೂರ್ಗ್ ಹೋಮ್‌ಮೇಡ್ ಸ್ಪೈಸಸ್ ಆ್ಯಂಡ್ ಡ್ರೈಫ್ರೂಟ್ಸ್' ಅಂತ ದಪ್ಪ ಅಕ್ಷರದಲ್ಲಿ ಬರೆಸಿದರು. ಅಕ್ಷರವೆಲ್ಲ ಕನ್ನಡ. ಪದ ಒಂದೂ ಅಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು, ದಾರಿ ಮುಚ್ಚಿ, ಹೊರಗಿನವರು ಬರುವುದೇ ನಿಂತಿತ್ತಲ್ಲ. ಆವಾಗ ನಮ್ಮ ಗಲ್ಲಾಪೆಟ್ಟಿಗೆಗೆ ನಾಲ್ಕು ಕಾಸು ಹಾಕಿದವರು ವಾರದ ಬಟವಾಡೆ ಹಿಡಿದು ಸಂತೆಗೆ ಬರುವ, ತೋಟದ ಕೂಲಿಯವರ ಲೈನ್‌ಮನೆಯ ಜನ, ಮತ್ತೆ ತೋಟದವರು. ಸಭೆಯಲ್ಲಿ ಅವರ ಹೆಸರು ಯಾರೂ ಎತ್ತಲಿಲ್ಲ. ಅವರು ಸೆಲ್ಫಿ ತೆಗೆಯುವುದಿಲ್ಲ ನೋಡಿ. ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 2024ರಲ್ಲಿ 50 ಕೆಜಿ ಚೀಲಕ್ಕೆ 10,000 ರೂಪಾಯಿ ಆಸುಪಾಸಿಗೆ ಹೋದಾಗ ನಾವೆಲ್ಲ ಈ ವರ್ಷ ಪೇಟೆಗೆ ದುಡ್ಡು ಬಂತು ಅಂತ ಕಾದೆವು. ದುಡ್ಡು ಬಂತು. ನಮ್ಮ ಪೇಟೆಯನ್ನು ಎರಡು ಸುತ್ತು ಹಾಕಿತು, ಜಾಗ ಸಿಗಲಿಲ್ಲ, ಮೈಸೂರಿಗೆ ಹೋಯಿತು. ಅಲ್ಲಿ ಮಾಲ್‌ನ ಕೆಳಗೇ ಪಾರ್ಕಿಂಗ್ ಇದೆಯಂತೆ.

ಆನ್‌ಲೈನ್ ಬಗ್ಗೆ ಬಿಸಿಬಿಸಿ ಭಾಷಣಗಳಾದವು. ನಾನು ಬಾಯಿ ಬಿಡಲಿಲ್ಲ. ನನ್ನ ಕಥೆ ಬೇರೆ. ಡೆಲಿವರಿ ಹುಡುಗರಿಗೆ ತೋಟದ ಮನೆ ಸಿಗುವುದಿಲ್ಲ, ಗೇಟಿನಿಂದ ಮನೆಗೇ ಎರಡು ಕಿಲೋಮೀಟರ್, ನೆಟ್‌ವರ್ಕ್ ಬೇರೆ ಇಲ್ಲ. ಹಾಗಾಗಿ ಪಾರ್ಸೆಲ್ಲನ್ನು ನನ್ನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಸಂಜೆ ಅದರ ಒಡೆಯ ಬಂದು, ಪೆಟ್ಟಿಗೆ ಬಿಚ್ಚಿ, ಒಳಗಿನ ಗಂಬೂಟು ನನ್ನ ಸ್ಟೂಲ್ ಮೇಲೆ ಕೂತು ಹಾಕಿ ನೋಡಿ, "ಸ್ವಲ್ಪ ಬಿಗಿ ಅಣ್ಣ, ನಿಮ್ಮ ಹತ್ರ 9ನೇ ನಂಬರ್ ಇದ್ರೆ ಕೊಡಿ, ಸೈಜ್ ನೋಡ್ತೇನೆ" ಅನ್ನುತ್ತಾನೆ. ಕೊಡುತ್ತೇನೆ. ನೋಡಿ, ಸರಿಯಾಗಿದೆ ಅಂತ ಹೇಳಿ, ಆನ್‌ಲೈನ್‌ನಲ್ಲಿ 9 ಬದಲಾಯಿಸಿ ತರಿಸುತ್ತಾನೆ. ಅದೂ ನನ್ನ ಅಂಗಡಿಗೇ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಬೇಕರಿಯ ಇಕ್ಕ (ಮಲಯಾಳದಲ್ಲಿ ಅಣ್ಣ) ಕೈ ಎತ್ತಿದರು. ಅವರು ಸಭೆಯಲ್ಲಿ ಮಾತಾಡುವುದು ಕಡಿಮೆ, ಬನ್ನು-ಚಹಾ ಅವರ ಕಡೆಯಿಂದಲೇ ಬರುವುದರಿಂದ ಗೌರವ ಜಾಸ್ತಿ. "ಅಧ್ಯಕ್ಷರೇ, ಬೆಳಿಗ್ಗೆ ಎಂಟೂವರೆಗೆ ನಾನು ರಸ್ತೆ ಎಣಿಸಿದೆ. ಎರಡೂ ಬದಿ ಸೇರಿ 31 ಗಾಡಿ. ಗಿರಾಕಿದು 4. ಉಳಿದ 27 ಈ ಹಾಲ್‌ನಲ್ಲಿ ಕೂತಿರುವವರದ್ದು."

ಫ್ಯಾನಿನ ಸದ್ದು ಕೇಳಿಸಿತು.

ಆಮೇಲೆ ಸಮರ್ಥನೆಗಳು ಸುರಿದವು. ಅಧ್ಯಕ್ಷರ ಕಾರು ಸಂಘದ ಕೆಲಸಕ್ಕೆ ಅಂತ ನಿಂತಿರುವುದು, ಸ್ವಂತಕ್ಕಲ್ಲ. ಜವಳಿಯವರು ಜೀಪು ನಿಲ್ಲಿಸುವುದು ಬೇರೆ ಯಾರೂ ಬಂದು ನಿಲ್ಲಿಸಬಾರದು ಅಂತ. ಮೆಡಿಕಲ್‌ನವರು ಸ್ಕೂಟರನ್ನು ಅಡ್ಡ ಇಡುವುದು ಗಿರಾಕಿಗೆ ಜಾಗ ಹಿಡಿಯಲು, ಗಿರಾಕಿ ಬಂದರೆ ತೆಗೆಯುತ್ತಾರಂತೆ. ಸ್ಕೂಟರ್ ಇರುವುದು ನೋಡಿ ಗಿರಾಕಿ ನಿಲ್ಲುವುದೇ ಇಲ್ಲ, ಅವರು ತೆಗೆಯುವುದೇ ಇಲ್ಲ. ಹಾರ್ಡ್‌ವೇರ್‌ನವರು ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ತುಂಬಿಸಿ, ಕಂಬಿ ನೆಟ್ಟು, 'ಗಿರಾಕಿಗಳಿಗೆ ಮಾತ್ರ' ಅಂತ ಬೋರ್ಡು ಮಾಡಿದ್ದಾರೆ. ಒಂದು ಕಾರಿನ ಜಾಗದಲ್ಲಿ ಆ ಡಬ್ಬ ನಿಂತಿದೆ.

"ಮತ್ತೆ ಆ ಬಿಳಿ ಓಮ್ನಿ ಯಾರದ್ದು?" ಅಂತ ಇಕ್ಕ ಕೇಳಿದರು.

ನಾನು ಬನ್ನು ತಿನ್ನುತ್ತಿದ್ದೆ. ಬಾಯಲ್ಲಿ ತಿಂಡಿ ಇಟ್ಟುಕೊಂಡು ಮಾತಾಡಬಾರದು ಅಂತ ಅಮ್ಮ ಕಲಿಸಿದ್ದಾರೆ. ಅಲ್ಲದೆ ಅದು ಗಾಡಿಯಲ್ಲ, ಗೋಡೌನು. ಹಿಂದಿನ ಟಯರ್ ಪಂಕ್ಚರಾಗಿ ಎರಡು ಮಳೆಗಾಲ ಆಯಿತು. ಒಳಗೆ 6ರಿಂದ 10ನೇ ನಂಬರಿನ ಗಂಬೂಟು ಇವೆ.

ಕೊನೆಗೆ ಐತಿಹಾಸಿಕ ಠರಾವು ಪಾಸಾಯಿತು. "ಬರುವ ಸೋಮವಾರದಿಂದ ಯಾವ ವರ್ತಕರೂ ತಮ್ಮ ಅಂಗಡಿ ಮುಂದೆ ವಾಹನ ನಿಲ್ಲಿಸತಕ್ಕದ್ದಲ್ಲ." ಎಲ್ಲರೂ ಸಹಿ ಹಾಕಿದರು. ಇಕ್ಕ ಎರಡನೇ ಸುತ್ತು ಚಹಾ ತರಿಸಿದರು.

ಸೋಮವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಠರಾವು ಅಕ್ಷರಶಃ ಜಾರಿಯಾಗಿದೆ. ಯಾರ ಅಂಗಡಿ ಮುಂದೆಯೂ ಅವರ ಗಾಡಿ ಇಲ್ಲ. ಅಧ್ಯಕ್ಷರ ಕಾರು ಜವಳಿ ಅಂಗಡಿ ಮುಂದೆ, ಜವಳಿಯವರ ಜೀಪು ಮೆಡಿಕಲ್ ಮುಂದೆ, ಸ್ಕೂಟರ್ ಹಾರ್ಡ್‌ವೇರ್ ಮುಂದೆ. ಕಾಂಕ್ರೀಟ್ ಡಬ್ಬ ನನ್ನ ಬಾಗಿಲಿಗೆ ಬಂದಿದೆ. ನಾನೂ ಶಿಸ್ತಿನ ಸದಸ್ಯನೇ. ಟಯರಿಗೆ ಗಾಳಿ ಹೊಡೆಸಿ, ಹುಡುಗನಿಂದ ದಬ್ಬಿಸಿ, ಓಮ್ನಿಯನ್ನು ಇಕ್ಕನ ಬೇಕರಿ ಮುಂದೆ ನಿಲ್ಲಿಸಿದೆ.

ಮಧ್ಯಾಹ್ನ ಮೋಡ ಕವಿಯಿತು. ತೋಟದ ಅಕ್ಕ ಒಬ್ಬರ ಫೋನು. "ಕಣದಲ್ಲಿ ಕಾಫಿ ಇದೆ, ಒಂದು ದೊಡ್ಡ ಟಾರ್ಪಾಲು ಬೇಕು. ನಿಮ್ಮ ಅಂಗಡಿ ಮುಂದೆ ಮೂರನೇ ಸಲ ಬರ್ತಾ ಇದ್ದೇನೆ. ಕೈಗೆ ಕೊಡಿ." ಟಾರ್ಪಾಲು ಹೆಗಲ ಮೇಲೆ ಹಾಕಿಕೊಂಡು ಓಡಿದೆ. ಅಕ್ಕ ಜೀಪು ನಿಧಾನ ಮಾಡಿದರು, ನಿಲ್ಲಿಸಲಿಲ್ಲ, ಹಿಂದೆ ಬಸ್ಸು. ಹಿಂದಿನಿಂದ ಎಸೆದೆ. "ಸ್ಕ್ಯಾನರ್ ಎಲ್ಲಿ?" ಅಂದರು. 2025ರ ಜುಲೈನಲ್ಲಿ ಸಣ್ಣ ಅಂಗಡಿಯವರಿಗೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂತಲ್ಲ, ಆವಾಗ ನನ್ನ ಸ್ಕ್ಯಾನರ್ ಗಲ್ಲಾಪೆಟ್ಟಿಗೆಯೊಳಗೆ ಸೇರಿದ್ದು ಇನ್ನೂ ಹೊರಗೆ ಬಂದಿಲ್ಲ. "ನೆಟ್‌ವರ್ಕ್ ಇಲ್ಲ ಅಕ್ಕ" ಅಂದೆ. ಕೊಡಗಿನಲ್ಲಿ ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಕಿಟಕಿಯಿಂದ 500ರ ನಾಲ್ಕು ನೋಟು ಬಂತು. "ಚಿಲ್ಲರೆ ಮುಂದಿನ ಸುತ್ತಿಗೆ!"

ಒನ್ ವೇ ಸುತ್ತಿ ಬರಲು ಹದಿನೈದು ನಿಮಿಷ ಹಿಡಿಯಿತು. 150 ರೂಪಾಯಿ ಕೈಯಲ್ಲಿ ಹಿಡಿದು ಬೇಕರಿ ಹತ್ತಿರ ಕಾದು ನಿಂತೆ. ಹನಿ ಬೀಳಲು ಶುರುವಾಗಿತ್ತು. ಜೀಪು ಬಂತು, ಅಕ್ಕ ಸಿಟ್ಟಲ್ಲೇ ಇದ್ದರು.

"ಯಾರದ್ದು ಇದು ಬಿಳಿ ಓಮ್ನಿ? ಇದೊಂದು ಇಲ್ಲದಿದ್ರೆ ನಾನು ಇಲ್ಲಿ ನಿಲ್ಲಿಸಿ, ಮಕ್ಕಳಿಗೆ ರೈನ್‌ಕೋಟೂ ತಗೊಂಡು ಹೋಗ್ತಿದ್ದೆ."

"ಗೊತ್ತಿಲ್ಲ ಅಕ್ಕ, ಯಾರೋ ಟೂರಿಸ್ಟಿನವರದ್ದು ಇರಬೇಕು" ಅಂದೆ, ಕೊಡಗಿನ ಕೆಎ 12 ನಂಬರ್ ಪ್ಲೇಟಿಗೆ ಬೆನ್ನು ಕೊಟ್ಟು ನಿಂತುಕೊಂಡು.