ಆನೆ ಕೆಂಪು ಬಣ್ಣ ನೋಡಿ ಅಟ್ಟಿಸ್ಕೊಂಡು ಬರುತ್ತೆ ಅನ್ನೋದು ಸರಿಯಲ್ಲ

ಸಿದ್ದಾಪುರ ಕಡೆ ವಾಟ್ಸಾಪಲ್ಲಿ "ತೋಟಕ್ಕೆ ಕೆಂಪು ಸ್ವೆಟರ್ ಹಾಕ್ಬೇಡಿ, ಆನೆಗೆ ಸಿಟ್ಟು ಬರುತ್ತೆ" ಅಂತ ಓಡಾಡ್ತಿದೆ, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ಬಣ್ಣ ಗುರುತಿಸೋ ಕೋನ್ ಕೋಶ ನಮಗೆ 3 ತರ, ಆನೆಗೆ 2 ತರ ಮಾತ್ರ, 2005ರ ಜೀನ್ ಅಧ್ಯಯನದಲ್ಲೂ ಇದೇ ಬಂದಿದೆ, ಅಂದ್ರೆ ಕೆಂಪು-ಹಸಿರು ಕಲರ್ ಬ್ಲೈಂಡ್ ಇರೋರ ತರ, ಕಾಫಿ ಗಿಡದ ಮಧ್ಯೆ ಕೆಂಪು ನಮಗೆ ಕಂಡಷ್ಟು ಎದ್ದು ಕಾಣಲ್ಲ. ಒಂದ್ಸಲ ಓಡಿಸ್ಕೊಂಡು ಬಂತು ಅಂದ್ರೆ ಬಣ್ಣ ನೋಡೇ ಬಂತು ಅಂತಾಗಲ್ಲ. ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1914ರ ಹೊತ್ತಿಗೆ ಜೇನಿಗೆ ಬಣ್ಣ ಕಾಣುತ್ತಾ ಅಂತ ಹೆಂಗೆ ಟೆಸ್ಟ್ ಮಾಡಿದ್ರು ನೋಡಿ, ನೀಲಿ ಕಾರ್ಡ್ ಮೇಲೆ ಸಕ್ಕರೆ ನೀರಿಟ್ಟು ಅಭ್ಯಾಸ ಮಾಡ್ಸಿ, ಆಮೇಲೆ ಅದನ್ನ ಕಡು, ತಿಳಿ ಎಲ್ಲಾ ತರದ ಬೂದು ಕಾರ್ಡ್ ಮಧ್ಯೆ ಇಟ್ರು, ಆಗ್ಲೂ ಜೇನು ನೀಲಿಗೇ ಹೋಯ್ತು, ಬರೀ ಬೆಳಕಿನ ಹೆಚ್ಚುಕಮ್ಮಿ ನೋಡ್ತಿದ್ರೆ ಯಾವ್ದೋ ಒಂದು ಬೂದುಗೆ ಮೋಸ ಹೋಗ್ತಿತ್ತು. ನನಗೆ ಭಯ ಇರೋದು, ಕೆಂಪು ಹಾಕಿಲ್ಲ ಅಂತ ಯಾರಾದ್ರೂ ಧೈರ್ಯವಾಗಿ ತೋಟಕ್ಕೆ ಇಳಿದ್ರೆ ಅಂತ, ಮನುಷ್ಯ ಇರೋದು ಗೊತ್ತಾಗೋಕೆ ಆನೆಗೆ ಗಾಳೀಲಿ ಬರೋ ವಾಸನೆನೇ ಸಾಕು.