ಸಾಹಸಿಗಳಿಗೆ ಸ್ವಾಗತ, ನಿವಾಸಿಗಳಿಗೆ ಪರಿಹಾರ

ಕುತ್ಲೂರಿಗೆ ಪ್ರಶಸ್ತಿ ಬಂದಾಗಿನಿಂದ ಘಟ್ಟದ ಬುಡದ ಊರುಗಳಿಗೆಲ್ಲ ನಿದ್ದೆಯಿಲ್ಲ. 2024ರ ವಿಶ್ವ ಪ್ರವಾಸೋದ್ಯಮ ದಿನದಂದು ಕೇಂದ್ರ ಸರ್ಕಾರ ದೇಶದ 36 ಹಳ್ಳಿಗಳನ್ನು ಅತ್ಯುತ್ತಮ ಪ್ರವಾಸಿ ಗ್ರಾಮಗಳೆಂದು ಆರಿಸಿ ಬೆನ್ನು ತಟ್ಟಿತಲ್ಲ, ಅದರಲ್ಲಿ ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರೂ ಒಂದು. ವಿಭಾಗ: ಸಾಹಸ ಪ್ರವಾಸೋದ್ಯಮ. ಈಗ ಪ್ರತಿ ಪಂಚಾಯಿತಿಯಲ್ಲೂ ಒಬ್ಬರಾದರೂ ‘ನಮ್ಮೂರಿಗೇನು ಕಮ್ಮಿ’ ಎಂದು ಡ್ರೋನ್ ಹಾರಿಸುತ್ತಿದ್ದಾರೆ. ಖಾಲಿಯಾಗುತ್ತಿರುವ ಊರಿಗೆ ಮತ್ತೆ ಜೀವ ತುಂಬಬೇಕಂತೆ. ಸಂಸ್ಕೃತಿ ಬೇಕಂತೆ, ಸಮುದಾಯ ಬೇಕಂತೆ, ಹೊರಗಿನಿಂದ ಹೊಸಬರು ಬರಬೇಕಂತೆ.

ವಿಭಾಗ ಆರಿಸಿದವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಸಾಹಸಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಕಾಲುಸಂಕವನ್ನೇ ನೋಡಿ. ಎರಡು ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ಹಗ್ಗದಲ್ಲಿ ಬಿಗಿದು, ಕೈ ಹಿಡಿಯಲಿಕ್ಕೆ ಒಂದು ಬಿದಿರು ಕಟ್ಟಿದರೆ ಮುಗಿಯಿತು. ಆಷಾಢದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ, ಕೆಳಗೆ ನೀರು ಕೆಂಪಗೆ ಮೊರೆಯುತ್ತದೆ, ಮೇಲೆ ಒಂದು ಕೈಯಲ್ಲಿ ಕೊಡೆ, ಬೆನ್ನಲ್ಲಿ ಪಾಟಿಚೀಲ. ಪಟ್ಟಣದವರಾದರೆ ಹೆಲ್ಮೆಟ್ಟು, ಲೈಫ್ ಜಾಕೆಟ್ಟು ಹಾಕಿಕೊಂಡು, ತಲೆಗೆ ಎರಡು ಸಾವಿರ ಕೊಟ್ಟು, ಕೊನೆಗೆ ಸರ್ಟಿಫಿಕೇಟೂ ಪಡೆಯುತ್ತಾರೆ. ನಮ್ಮ ಮಕ್ಕಳು ಒಂದನೇ ಕ್ಲಾಸಿನಿಂದಲೇ ಪುಕ್ಕಟೆ ದಾಟುತ್ತಾರೆ. 2022ರ ಆಗಸ್ಟಿನಲ್ಲಿ ಬೈಂದೂರು ಕಡೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಹೋಗುವಾಗ ಇಂಥದ್ದೇ ಸಂಕದಿಂದ ಜಾರಿ ಹಳ್ಳದ ಪಾಲಾದಳು. ಆಮೇಲೆ ಎಲ್ಲರೂ ಬಂದರು, ಫೋಟೋ ತೆಗೆದರು, ಕಾಲುಸಂಕಗಳ ಪಟ್ಟಿ ಮಾಡಿ ಎಂದರು. ಅಲ್ಲ ಸ್ವಾಮಿ, ಪಟ್ಟಿಗೆ ಒಂದು ಮಗು ಹೋಗಬೇಕಿತ್ತೇ? ಇದರಲ್ಲಿ ತಮಾಷೆ ಮಾಡುವುದಕ್ಕೆ ನನಗೂ ಆಗುವುದಿಲ್ಲ, ಮುಂದೆ ಹೋಗೋಣ.

ಕುತ್ಲೂರಿಗೆ ಹೊಸಬರು ಬರುವುದೂ ಹೊಸತೇನಲ್ಲ. 2012ರಲ್ಲಿ ಪೊಲೀಸರು ಬಂದಿದ್ದರು. ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಮಲೆಕುಡಿಯ ಬುಡಕಟ್ಟಿನ ಹುಡುಗನನ್ನೂ ಅವನ ಅಪ್ಪನನ್ನೂ ನಕ್ಸಲರ ನಂಟಿದೆ ಎಂದು ಹಿಡಿದುಕೊಂಡು ಹೋದರು. ಮನೆಯಲ್ಲಿ ಸಿಕ್ಕ ಭಯಂಕರ ಸಾಕ್ಷ್ಯಗಳು ಏನು ಗೊತ್ತೇ? ಭಗತ್ ಸಿಂಗ್ ಬಗೆಗಿನ ಪುಸ್ತಕ, ಪೇಪರ್ ಕಟಿಂಗು, ಮತ್ತೆ ಊರಿಗೆ ಮೂಲಸೌಕರ್ಯ ಕೊಡದಿದ್ದರೆ ಚುನಾವಣೆ ಬಹಿಷ್ಕರಿಸುತ್ತೇವೆ ಎಂಬ ಪತ್ರ. ಒಂಬತ್ತು ವರ್ಷ ಕೋರ್ಟಿಗೆ ಅಲೆದು 2021ರಲ್ಲಿ ಇಬ್ಬರೂ ಖುಲಾಸೆಯಾದರು. ಮೂರು ವರ್ಷ ಕಳೆದು ಅದೇ ಊರಿಗೆ ಪ್ರಶಸ್ತಿ. ರಸ್ತೆ ಇಲ್ಲ ಎಂದು ಊರಿನವನು ಬರೆದರೆ ದೇಶದ್ರೋಹ, ರಸ್ತೆ ಇಲ್ಲದ ದಾರಿಯಲ್ಲಿ ಪರವೂರಿನವನು ನಡೆದರೆ ಟ್ರೆಕ್ಕಿಂಗ್.

ಇನ್ನು ಅರಣ್ಯ ಇಲಾಖೆ. ಇಲ್ಲಿನ ಕಾಡು 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಒಳಗಿರುವ ಕುಟುಂಬಗಳಿಗೆ ಸರ್ಕಾರದ ಪ್ಯಾಕೇಜ್ ಇದೆ: ಪರಿಹಾರ ತೆಗೆದುಕೊಳ್ಳಿ, ಸ್ವಇಚ್ಛೆಯಿಂದ ಹೊರಗೆ ಹೋಗಿ. ಹೋಗಲೊಲ್ಲೆ ಅಂದವರಿಗೆ ಕರೆಂಟ್ ಕಂಬ ನೆಡಲೂ ಅರಣ್ಯದವರ ಅನುಮತಿ ಬೇಕು. ಪ್ರವಾಸೋದ್ಯಮ ಇಲಾಖೆಯ ಪ್ಯಾಕೇಜೂ ಇದೆ: ಎರಡು ರಾತ್ರಿ, ಮೂರು ಹಗಲು, ನೀರುದೋಸೆ ಸಹಿತ. ಒಂದು ಇಲಾಖೆ ಹುಟ್ಟಿದವರಿಗೆ ದುಡ್ಡು ಕೊಟ್ಟು ಕಳಿಸುತ್ತದೆ, ಇನ್ನೊಂದು ದುಡ್ಡು ಕೊಟ್ಟವರನ್ನು ಕರೆಸುತ್ತದೆ. ಲೆಕ್ಕ ಸರಿಹೋಯಿತು, ಹಳ್ಳಿ ಖಾಲಿಯಾಗಲಿಲ್ಲ.

ದುಡ್ಡು ಕೊಟ್ಟು ಬರುವವರಲ್ಲಿ ಉಳಿದುಕೊಳ್ಳುವವರೂ ಇದ್ದಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತೆಸೆದ ಮೇಲೆ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು. ಕೊಂಡವರು ಮೊದಲು ಬೆಳೆಯುವ ಬೆಳೆ ಬೇಲಿ, ಎರಡನೆಯದು ಕಬ್ಬಿಣದ ಗೇಟು. ಗೇಟಿಗೆ ಕ್ಯಾಮೆರಾ, ಇಂಗ್ಲಿಷಿನಲ್ಲಿ ಬೋರ್ಡು. ತಿಂಗಳಿಗೊಮ್ಮೆ ಬಂದು ಕೋಳಿ ಕೂಗಿ ನಿದ್ದೆ ಹಾಳಾಯಿತು ಎಂದು ಪಂಚಾಯಿತಿಗೆ ಫೋನ್ ಮಾಡುತ್ತಾರೆ. ಅಂಥವರೊಬ್ಬರು, ‘ಅಜ್ಜಾ, ಇದು ಪ್ರೈವೇಟ್ ಜಾಗ, ಬೋರ್ಡ್ ಕಾಣಿಸಲಿಲ್ವಾ?’ ಎಂದು ದಬಾಯಿಸಿದಾಗ ಅಜ್ಜ, ‘ನಂಗೆ ಕಂಡಿದೆ ಮಾರಾಯ್ರೆ, ದನಕ್ಕೆ ಓದ್ಲಿಕ್ಕೆ ಬರೂದಿಲ್ಲ’ ಎಂದರು. ಸಮುದಾಯ ಭವನವೇ ಬೇಡ, ಇಷ್ಟು ಮಾತುಕತೆ ನಡೆದರೆ ಸಾಕು.

ಅಂದಹಾಗೆ, ಹಳ್ಳಿ ನಿಜಕ್ಕೂ ಎದುರು ನೋಡುತ್ತಿರುವ ಹೊಸಬಳು ಬೇರೆಯೇ ಇದ್ದಾಳೆ. ಮಂಡ್ಯದ ಹುಡುಗರು 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿರಬೇಕು. ನಾವು ನಕ್ಕೆವು. ಮಲೆನಾಡಿನ ಅಡಿಕೆ ತೋಟದ ಮಾಣಿಗಳು ನಗಲಿಲ್ಲ, ದಾರಿ ಎಷ್ಟು ದಿನದ್ದು ಎಂದು ವಿಚಾರಿಸಿದರು. ಜಾತಕ ಕೂಡಿದರೂ ‘ಬೆಂಗಳೂರಲ್ಲಿ ಸೈಟ್ ಇದೆಯಾ’ ಎಂಬಲ್ಲಿ ಮುರಿಯುತ್ತದೆ. ಹುಡುಗಿಯರ ತಪ್ಪೇನಲ್ಲ ಬಿಡಿ. ಹೆರಿಗೆ ಆಸ್ಪತ್ರೆ ಎಷ್ಟು ದೂರ, ಸಂಜೆ ಬಸ್ಸಿದೆಯೇ ಎಂದು ಅವರು ಕೇಳುತ್ತಾರೆ. ಅತ್ತೆಗೆ ಅದು ಧಿಮಾಕಾಗಿ ಕಾಣುತ್ತದೆ, ನನಗೆ ಊರಿನ ಬಗ್ಗೆ ಈವರೆಗೆ ಯಾರೂ ಮಾಡದ ಸರಿಯಾದ ಸರ್ವೆಯಾಗಿ ಕಾಣುತ್ತದೆ. ಪ್ರಶಸ್ತಿ ಸಮಿತಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಿದ್ದರೆ 36 ಊರುಗಳಲ್ಲಿ ಎಷ್ಟು ಪಾಸಾಗುತ್ತಿದ್ದವೋ.

ಸಂಸ್ಕೃತಿಯಿಂದ ಊರು ಕಟ್ಟಲಾಗದು ಎಂದು ನಾನು ಹೇಳುತ್ತಿಲ್ಲ. ಸಾಗರದ ಹೆಗ್ಗೋಡಿನಲ್ಲಿ ಅಡಿಕೆ ತೋಟದ ಕೆ.ವಿ. ಸುಬ್ಬಣ್ಣನವರೂ ಗೆಳೆಯರೂ 1949ರಲ್ಲಿ ನೀನಾಸಂ ಶುರುಮಾಡಿದಾಗ ಯಾವ ಇಲಾಖೆಯೂ ಅರ್ಜಿ ಕರೆದಿರಲಿಲ್ಲ. ಊರಿನವರಿಗೆ ನಾಟಕ ಬೇಕಿತ್ತು, ಆಡಿದರು. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ನಡುವಿನ ನಲವತ್ತೆರಡು ವರ್ಷ ಯಾರಿಗೆ ಬೇಕು? ಈಗಿನ ಯೋಜನೆಗೆ ಮಾರ್ಚ್ 31ರೊಳಗೆ ಅನುದಾನ ಮುಗಿಯಬೇಕು. ಅದಕ್ಕೇ ಗೋಡೆಗೆ ಯಕ್ಷಗಾನದ ಚಿತ್ರ ಬರೆಸುತ್ತಾರೆ. ಗೋಡೆಯ ಒಳಗಿದ್ದ ಭಾಗವತರು ಮಗನ ಜೊತೆ ವೈಟ್‌ಫೀಲ್ಡಿನಲ್ಲಿದ್ದಾರೆ.

ನಿಜವಾಗಿ ಬಂದು ದುಡಿಯುತ್ತಿರುವ ಹೊಸಬರನ್ನು ಮಾತ್ರ ಯಾವ ಬ್ರೋಷರಿನಲ್ಲೂ ಕಾಣೆ. ಘಟ್ಟದ ಮೇಲೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗಿ ನೋಡಿ. ಅಸ್ಸಾಮಿನಿಂದ ಬಂದವರು ಲೈನ್ ಮನೆಗಳಲ್ಲಿದ್ದಾರೆ. ಹಣ್ಣು ಕೊಯ್ಯುವವರು ಅವರು, ಸಂತೆ ದಿನ ಅಂಗಡಿಯವರ ಗಲ್ಲಾಪೆಟ್ಟಿಗೆ ತುಂಬುವವರು ಅವರು. ಅವರನ್ನು ಕಂಡರೆ ಮಾತ್ರ ನಮಗೆ ಸಂಸ್ಕೃತಿಯ ಚಿಂತೆ ಹತ್ತುತ್ತದೆ. ಬಾಂಗ್ಲಾದವರಿರಬೇಕು, ದಾಖಲೆ ತೋರಿಸಲಿ, ಠಾಣೆಗೆ ಕರೆಸಿ! ಹೋಂಸ್ಟೇ ಗೆಸ್ಟಿಗೆ ಪುನರ್ಪುಳಿ ಶರಬತ್ತು, ತೋಟ ಉಳಿಸಿದವನಿಗೆ ಬೆರಳಚ್ಚು. ಒಂದು ಸೀಸನ್ ಅವರು ಬರದಿದ್ದರೆ ಕಾಫಿ ಗಿಡದಲ್ಲೇ ಒಣಗುತ್ತದೆ ಎಂಬುದು ದೂರು ಕೊಡುವ ಸಾಹುಕಾರರಿಗೂ ಗೊತ್ತು, ಕೂಲಿ ಚೌಕಾಸಿ ಮಾಡಲು ಅದೇ ಅನುಕೂಲವೂ ಹೌದು.

ಅಲ್ಲಿನ ಕನ್ನಡ ಶಾಲೆಗಳ ಬಾಗಿಲು ತೆರೆಸಿಟ್ಟಿರುವುದೂ ಎಷ್ಟೋ ಕಡೆ ಇವರ ಮಕ್ಕಳೇ. ನಮ್ಮ ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಯ ಕಾನ್ವೆಂಟಿಗೆ ಹೋದರು, ಅಸ್ಸಾಮಿ ಮಕ್ಕಳು ‘ಅ, ಆ, ಇ, ಈ’ ತಿದ್ದುತ್ತಿವೆ. ಓಡಿಸಬೇಕೆಂದಿದ್ದರೆ ಓಡಿಸಿ. ಹಾಜರಿ ಇಲ್ಲ ಎಂದು ಶಾಲೆಗೆ ಬೀಗ ಬೀಳುತ್ತದೆ, ಆಮೇಲೆ ಅದನ್ನೇ ಹೆರಿಟೇಜ್ ಹೋಂಸ್ಟೇ ಮಾಡಬಹುದು. ಬೆಳಗಿನ ತಿಂಡಿಯ ಪಟ್ಟಿ ಬರೆಯಲು ಕರಿಹಲಗೆ ಹೇಗೂ ಗೋಡೆಯಲ್ಲೇ ಇದೆ.