ಗೋಮಾಳದ ಬಳ್ಳಾರಿ ಜಾಲಿ ಕೀಳಬೇಕಾ, ಬೇಡ್ವಾ?

ಊರ ದನ ಕುರಿ ಮೇಯಲು ಬಿಟ್ಟ ಗೋಮಾಳಕ್ಕೆ ಹಬ್ಬಿದ ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡದ ಬಗ್ಗೆ ಚಳ್ಳಕೆರೆ ಸೀಮೆಯ ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣ ತಂಗಿ ಬರೆದ ಎರಡು ಮಾತು. ಅಣ್ಣ ಕುರಿ ಸಾಕುವವರು. ತಂಗಿ ಪಕ್ಕದ ಹಟ್ಟಿಗೆ ಕೊಟ್ಟ ಹೆಣ್ಣುಮಗಳು, ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದವರು.

ಪರ: ಬೇರು ಸಮೇತ ಕೀಳೋಣ

ಬೆಂಗಳೂರಿನಿಂದ ಬಂದ ನೆಂಟರು ಬಸ್ಸಿಳಿದ ಕೂಡಲೇ ಒಂದು ಮಾತು ಹೇಳುತ್ತಾರೆ. "ಬರಗಾಲದ ಸೀಮೆ ಅಂತೀರಿ, ರಸ್ತೆ ಪಕ್ಕ ಎಷ್ಟು ಹಸಿರಾಗಿದೆಯಲ್ಲ!" ನನಗೆ ಹೊಟ್ಟೆ ಉರಿಯುತ್ತದೆ. ಆ ಹಸಿರನ್ನು ನನ್ನ ಕುರಿ ಮೂಸಿಯೂ ನೋಡುವುದಿಲ್ಲ. ಬಳ್ಳಾರಿ ಜಾಲಿಯ ಎಲೆ ಒಗರು, ದನ ಕುರಿ ಬಾಯಿ ಹಾಕುವುದಿಲ್ಲ. ಕೆಳಗೆ ನೋಡಿದರೆ ಒಂದು ಎಸಳು ಹುಲ್ಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮೂರ ಗೋಮಾಳ ಹೀಗಿರಲಿಲ್ಲ. ಅಲ್ಲೊಂದು ಬಿಳಿಜಾಲಿ, ಇಲ್ಲೊಂದು ಕಾರೆ ಪೊದೆ, ನಡುವೆ ತಂಗಡಿ, ಬಂದ್ರೆ. ಉಳಿದದ್ದೆಲ್ಲ ಹುಲ್ಲು. ಅವ್ವ ಹಂಚಿಕಡ್ಡಿ ಕಿತ್ತು ತಂದು ವರ್ಷಕ್ಕಾಗುವಷ್ಟು ಪೊರಕೆ ಕಟ್ಟುತ್ತಿದ್ದಳು. ಈಗ ಎಂಬತ್ತು ಎಕರೆ ಚಿಲ್ಲರೆ ಗೋಮಾಳದಲ್ಲಿ ಅರ್ಧಕ್ಕೂ ಜಾಸ್ತಿ ಜಾಗಕ್ಕೆ ಮಂದೆ ನುಗ್ಗುವುದೇ ಇಲ್ಲ. ನುಗ್ಗಿದರೆ ಗೊರಸಿಗೆ ಮುಳ್ಳು, ಆಮೇಲೆ ಕೀವು. ಉಣ್ಣೆ ಕೊಂಬೆಗೆ ಸಿಕ್ಕಿ ಹರಿಯುತ್ತದೆ. ಕಾಡುಹಂದಿಗೆ ಮಾತ್ರ ಅದು ಅರಮನೆ. ಹಗಲೆಲ್ಲ ಅಲ್ಲಿ ಮಲಗಿ, ರಾತ್ರಿ ಶೇಂಗಾ ಹೊಲ ಉಳುತ್ತವೆ.

ಈ ಗಿಡ ಇಲ್ಲಿಯದಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. 1870ರ ದಶಕದಲ್ಲಿ ಭಾರತಕ್ಕೆ ತಂದರು. ಸೌದೆಯಾಗುತ್ತದೆ, ಬರಡು ನೆಲಕ್ಕೆ ಹಸಿರಾಗುತ್ತದೆ ಎಂಬ ಲೆಕ್ಕ. ಆದರೆ ನಮ್ಮ ಗೋಮಾಳದಲ್ಲಿ ಬಿತ್ತಿದವರು ಸರ್ಕಾರದವರಲ್ಲ, ನಾವೇ. ಕಾಯಿ ಸಿಹಿ. ಬೇಸಿಗೆಯಲ್ಲಿ ಬೇರೇನೂ ಸಿಗದಾಗ ಕುರಿ ಮೇಕೆ ಆಸೆಪಟ್ಟು ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಅರಗುವುದಿಲ್ಲ. ಹಿಕ್ಕೆಯ ಜೊತೆ ಬಿದ್ದು, ಅದೇ ಗೊಬ್ಬರದಲ್ಲಿ ಮೊಳೆಯುತ್ತದೆ. ಕುರಿಯ ಹೊಟ್ಟೆಯೇ ಬೀಜ ಬಿತ್ತುವ ಕೂರಿಗೆ ಆಯಿತು.

ಹಾಗಾಗಿ ಸುಮ್ನೆ ಬಿಟ್ಟರೆ ಜಾಲಿ ಇದ್ದಷ್ಟೇ ಇರುತ್ತದೆ ಅಂದುಕೊಳ್ಳಬೇಡಿ. ಗುಜರಾತಿನ ಕಚ್ಛ್‌ನಲ್ಲಿ ಬನ್ನಿ ಎಂಬ ಹುಲ್ಲುಗಾವಲಿದೆ, ಸುಮಾರು 2,500 ಚದರ ಕಿಲೋಮೀಟರ್. ಪಕ್ಕದ ರಣ್ ಎಂಬ ಉಪ್ಪುನೆಲದ ಉಪ್ಪು ಮುಂದೆ ಬರದಂತೆ ತಡೆಯಲು 1960-61ರಲ್ಲಿ ಅರಣ್ಯ ಇಲಾಖೆ ಅಲ್ಲಿ ಇದೇ ಜಾಲಿ ಹಾಕಿತು. ಇವತ್ತು ಬನ್ನಿಯ ಅರ್ಧದಷ್ಟು ಅದರ ಪಾಲು. ಅಲ್ಲಿನ ದನಗಾಹಿ ಮಾಲ್ಧಾರಿಗಳು ಅದನ್ನು ಗಾಂಡೊ ಬಾವಳ್ ಅನ್ನುತ್ತಾರೆ, ಹುಚ್ಚು ಜಾಲಿ ಅಂತ. ಕಾಯಿ ಜಾಸ್ತಿ ತಿಂದ ಹಸುಗಳ ಹಲ್ಲು, ದವಡೆ ಕೆಡುತ್ತದೆ ಅನ್ನುವುದು ಅವರ ದೊಡ್ಡ ಗೋಳು. ಹಸು ಕಮ್ಮಿಯಾಗಿ, ತಡೆದುಕೊಳ್ಳುವ ಎಮ್ಮೆ ಹೆಚ್ಚಾದವು. ಅದೇ ಬನ್ನಿಯಲ್ಲಿ ಜಾಲಿ ಕಿತ್ತು ಕಾಪಾಡಿದ ತುಂಡುಗಳಲ್ಲಿ ಹುಲ್ಲು ಮರಳಿ ಬಂದಿದೆ.

ಕೀಳುವುದಕ್ಕೂ ಒಂದು ಹದ ಇದೆ. ಮಚ್ಚಿನಿಂದ ಕಡಿದರೆ ಪ್ರಯೋಜನವಿಲ್ಲ, ಒಂದು ಕಾಂಡ ಹೋದ ಕಡೆ ಹತ್ತು ಚಿಗುರುತ್ತವೆ. ಚಿಗುರು ಒಡೆಯುವುದು ನೆಲದ ಮಟ್ಟದ ಬುಡದ ಗಂಟಿನಿಂದ. ಆ ಗಂಟು ಪೂರ್ತಿ ಬರುವಂತೆ ಒಂದಡಿ ಕೆಳಗೆ ಬೇರು ಕತ್ತರಿಸಬೇಕು. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಹಾರೆ, ಗುದ್ದಲಿಗೆ ಕೆಲಸ ಹಗುರ. ಬಿಳಿಜಾಲಿ, ಕರಿಜಾಲಿ ಮುಟ್ಟಬಾರದು, ಅವುಗಳ ಕಾಯಿ ಒಳ್ಳೆ ಮೇವು. ಕಿತ್ತ ಜಾಗಕ್ಕೆ ಅಂಜನ್ ಹುಲ್ಲು, ಸ್ಟೈಲೊ ಎಂಬ ಮೇವಿನ ಗಿಡದ ಬೀಜ ಎರಚಿ, ಎರಡು ಮಳೆಗಾಲ ಮಂದೆ ಬಿಡದೆ ಕಾಯಬೇಕು. ಮೊಳೆತ ಜಾಲಿ ಸಸಿಯನ್ನು ವರ್ಷ ವರ್ಷ ಕೈಯಲ್ಲೇ ಕೀಳಬೇಕು. ಇದೇನು ಯಾರಿಗೂ ಗೊತ್ತಿಲ್ಲದ ವಿದ್ಯೆ ಅಲ್ಲ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನೆಗೆ ಅಂತಲೇ ಕೇಂದ್ರ ಸರ್ಕಾರದ ಕೇಂದ್ರವಿದೆ. ಕೇಳಬೇಕಷ್ಟೆ.

ನಮ್ಮ ಭೂಕಂದಾಯ ನಿಯಮದಲ್ಲಿ 100 ಜಾನುವಾರಿಗೆ 30 ಎಕರೆ ಗೋಮಾಳ ಇಡಬೇಕು ಅಂತಿದೆ. ನಮ್ಮೂರ ಪಹಣಿಯಲ್ಲಿ ಅಷ್ಟು ಇದೆ. ಆದರೂ ಸಂಕ್ರಾಂತಿ ಕಳೆದ ಮೇಲೆ ನಾವು ಮಂದೆ ಹೊಡೆದುಕೊಂಡು ದಾವಣಗೆರೆಯ ಭದ್ರಾ ನೀರಾವರಿ ಗದ್ದೆಗಳ ಕಡೆ ನಡೆಯುತ್ತೇವೆ. ಊರಲ್ಲಿ ಮೇವಿನ ನೆಲ ಇಟ್ಟುಕೊಂಡು, ಹೆಂಡತಿ ಮಕ್ಕಳನ್ನು ಬಿಟ್ಟು, ಮೂರು ನಾಲ್ಕು ತಿಂಗಳು ಕಂಡವರ ಗದ್ದೆಯಲ್ಲಿ ಮಲಗುವುದು ಯಾಕೆ? ಮುಳ್ಳಿಗೆ ಹೆದರಿ.

ವಿರೋಧ: ಮುಳ್ಳು ಹೋದ ಮೇಲೆ ಕಾಯುವವರು ಯಾರು?

ಅಣ್ಣ ಬರೆದಿದ್ದರಲ್ಲಿ ಸುಳ್ಳಿಲ್ಲ. ಜಾಲಿ ಮುಳ್ಳು ಚುಚ್ಚಿದ ಕಾಲಿಗೆ ಅರಿಶಿನ ಸುಟ್ಟು ಇಟ್ಟವಳು ನಾನೂ ಹೌದು. ಆದರೆ ಅಣ್ಣ ಗೋಮಾಳ ನೋಡುವುದು ನೂರು ಕುರಿಯ ಹಿಂದೆ ನಿಂತು. ನಾನು ನೋಡುವುದು ಒಲೆಯ ಮುಂದೆ ಕೂತು.

ನಮ್ಮ ಹಟ್ಟಿಯಲ್ಲಿ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ. ಟೀ ಕಾಯಿಸಲು, ನೆಂಟರು ಬಂದಾಗ ಉರಿಸಲು. ಸ್ನಾನದ ನೀರು, ಮುದ್ದೆಯ ಎಸರು ಇವತ್ತಿಗೂ ಸೌದೆ ಒಲೆಯ ಮೇಲೆ. ಆ ಸೌದೆ ಯಾವುದು? ಬಳ್ಳಾರಿ ಜಾಲಿ. ಹಸಿಯಾಗಿದ್ದರೂ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕಡಿದರೆ ಹತ್ತು ಚಿಗುರುತ್ತವೆ ಅಂತ ಅಣ್ಣ ಬೈಯುತ್ತಾನಲ್ಲ, ಸೌದೆ ತರುವ ಹೆಂಗಸಿಗೆ ಅದೇ ವರ. ಬುಡ ಬಿಟ್ಟು ಕಡಿದರೆ ಮೂರು ನಾಲ್ಕು ವರ್ಷಕ್ಕೆ ಮತ್ತೆ ತೋಳು ಗಾತ್ರ. ನೀರು ಹಾಕಬೇಕಿಲ್ಲ, ಬೇಲಿ ಬೇಕಿಲ್ಲ. ಜಮೀನಿಲ್ಲದ ನಾಲ್ಕು ಮನೆ ಇದ್ದಿಲು ಸುಟ್ಟು ಮಾರಿ ಬೇಸಿಗೆ ದಾಟುತ್ತವೆ. ಜಾಲಿ ಕಿತ್ತರೆ ಲಾಭ ಕುರಿ ಇದ್ದವರಿಗೆ, ನಷ್ಟ ಕುರಿ ಇಲ್ಲದವರಿಗೆ. ಅಣ್ಣನ ಲೆಕ್ಕದಲ್ಲಿ ಈ ನಾಲ್ಕು ಮನೆ ಬರಲೇ ಇಲ್ಲ, ಅಲ್ವಾ?

ಇನ್ನು ಆ ಹಾರೆ, ಗುದ್ದಲಿ. ಕೇಳಲು ಚೆನ್ನಾಗಿದೆ. ನಾನು ಪಂಚಾಯಿತಿಯಲ್ಲಿ ಕೂತು ನೋಡಿದವಳು. ಎಂಬತ್ತು ಎಕರೆ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಒಂದೇ ಮಾತು, ಜೆಸಿಬಿ. ಆ ಬಕೆಟ್ಟಿಗೆ ಬಿಳಿಜಾಲಿಯೂ ಒಂದೇ ಬಳ್ಳಾರಿ ಜಾಲಿಯೂ ಒಂದೇ. ಕಾರೆ, ತಂಗಡಿ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಮೇಲ್ಮಣ್ಣು ಬುಡಮೇಲಾಗುತ್ತದೆ. ಹಾಗೆ ಕೆದಕಿದ ಬೋಳು ನೆಲಕ್ಕೆ ಮೊದಲು ಓಡಿ ಬರುವುದು ಅಂಜನ್ ಹುಲ್ಲಲ್ಲ, ಕಾಂಗ್ರೆಸ್ ಗಿಡ. ಅದು ಅತ್ತ ಮೇವೂ ಅಲ್ಲ, ಇತ್ತ ಸೌದೆಯೂ ಅಲ್ಲ. ಮೈಗೆ ತುರಿಕೆ ಬೇರೆ.

ಎರಡು ಮಳೆಗಾಲ ಮಂದೆ ಬಿಡಬಾರದು ಅಂತಾನೆ. ಯಾರ ಮಂದೆ? ನಮ್ಮ ಕೆರೆಯಂಗಳದಲ್ಲಿ ಸಸಿ ನೆಟ್ಟಾಗ ಒಂದು ತಿಂಗಳು ಕಾಯಲು ಆಗಲಿಲ್ಲ. ಮೊದಲು ಬಂದದ್ದು ಆಚೆ ಊರಿನ ಮಂದೆ. "ಅವರದು ಬಂದ ಮೇಲೆ ನಮ್ಮದೇನು" ಅಂತ ನಮ್ಮವರೂ ಬಿಟ್ಟರು. ಹೇಳಿದರೆ ಅಣ್ಣನಿಗೆ ಸಿಟ್ಟು ಬರುತ್ತದೆ, ಅದರಲ್ಲಿ ಅವನ ಮರಿಗಳೂ ಇದ್ದವು.

ಆದರೆ ನನ್ನ ನಿಜವಾದ ಭಯ ಬೇರೆ. ಮುಳ್ಳು ಇರುವ ಗೋಮಾಳ ಯಾರಿಗೂ ಬೇಡ. ಸ್ವಚ್ಛವಾದ ಗೋಮಾಳ ಎಲ್ಲರಿಗೂ ಬೇಕು. ಅಣ್ಣ ಬನ್ನಿಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ. ಅಲ್ಲಿ ಜಾಲಿ ತೆಗೆದ ಜಾಗದಲ್ಲಿ ಎಲ್ಲ ಕಡೆ ಹುಲ್ಲು ಬೆಳೆಯಲಿಲ್ಲ, ಕೆಲವು ಕಡೆ ನೇಗಿಲು ಹೂಡಿದರು, ಬೇಲಿ ಹಾಕಿದರು. ಮಾಲ್ಧಾರಿಗಳು 2018ರಲ್ಲಿ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಯಿತು. ಒತ್ತುವರಿ ತೆಗೆಸಿ ಅಂತ ಆದೇಶ ಬಂದದ್ದು 2021ರಲ್ಲಿ.

ಅಷ್ಟು ದೂರ ಯಾಕೆ, ನಮ್ಮ ತಾಲ್ಲೂಕನ್ನೇ ನೋಡಿ. ಅಮೃತಮಹಲ್ ದನಗಳಿಗೆ ಅಂತ ಮೈಸೂರು ಅರಸರು ಬಿಟ್ಟ ಕಾವಲುಗಳು, ಅಂದರೆ ಮೇವಿನ ಹುಲ್ಲುಗಾವಲುಗಳು, ಒಂದು ಕಾಲಕ್ಕೆ 4 ಲಕ್ಷ ಎಕರೆ ದಾಟಿದ್ದವು. ಈಗ ಉಳಿದಿರುವುದು ಅದರಲ್ಲಿ ಸಣ್ಣ ಪಾಲು. ಚಳ್ಳಕೆರೆಯ ಕಾವಲುಗಳಲ್ಲಿ ಹುಲ್ಲು ಚೆನ್ನಾಗಿತ್ತು. ಎರೆಹಕ್ಕಿ ಎಂಬ ಹುಲ್ಲುಗಾವಲಿನ ದೊಡ್ಡ ಹಕ್ಕಿಯೂ ಇತ್ತು ಅನ್ನುತ್ತಾರೆ ಹಿರಿಯರು. ಸುಮಾರು 2010ರ ಹೊತ್ತಿಗೆ ಅವುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದಂಥ ಕೆಲಸಗಳಿಗೆ ಹೋಯಿತು. ದೇಶಕ್ಕೆ ಅವೂ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಕಾಗದದ ಮೇಲೆ ಹುಲ್ಲಿನ ನೆಲ ಅಂದರೆ ಖಾಲಿ ನೆಲ. ಮರ ಇದ್ದರೆ ಕಾಡು, ಪೈರು ಇದ್ದರೆ ಹೊಲ. ಬರೀ ಹುಲ್ಲಿದ್ದರೆ ಯಾರಾದರೂ ಸರ್ವೆ ಚೈನು ಹಿಡಿದು ಬರುತ್ತಾರೆ. ನಮ್ಮ ಗೋಮಾಳಕ್ಕೆ ಸದ್ಯ ಇರುವ ಕಾವಲುಗಾರ ಈ ದರಿದ್ರ ಜಾಲಿ ಒಂದೇ. ಪಕ್ಕದ ಹೊಲದವರು ಒಂದು ಸಾಲು ಒಳಗೆ ತಳ್ಳಬೇಕೆಂದರೂ ಮುಳ್ಳು ಅಡ್ಡ ಬರುತ್ತದೆ.

ಹಾಗಂತ ಹೀಗೇ ಬಿಡಿ ಅನ್ನುತ್ತಿಲ್ಲ. ಮೊದಲು ಅಳತೆ ಆಗಲಿ, ನಾಲ್ಕು ಮೂಲೆಗೆ ಕಲ್ಲು ನೆಡಲಿ. ಆಮೇಲೆ ಐದು ಎಕರೆ ಕೀಳಿ, ಕೈಯಲ್ಲಿ. ಬಂದ ಸೌದೆ ಆ ನಾಲ್ಕು ಮನೆಗೆ ಸೇರಲಿ. ಅಂಚಿನ ಎರಡು ಸಾಲು ಜಾಲಿ ಬೇಲಿಗೆ ಅಂತ ಹಾಗೇ ಇರಲಿ. ಎರಡು ಮಳೆಗಾಲ ಅಣ್ಣ ತನ್ನ ಮಂದೆಯನ್ನು ಆ ಐದು ಎಕರೆಯಿಂದ ಹೊರಗಿಟ್ಟು ತೋರಿಸಿದರೆ, ಉಳಿದ ಎಪ್ಪತ್ತೈದು ಎಕರೆಯ ಅರ್ಜಿಗೆ ಮೊದಲ ಸಹಿ ನನ್ನದು. ಇದನ್ನು ಓದಿ ಅವನು ಫೋನ್ ಮಾಡಿದ್ದ. "ಆಚೆ ಊರಿನವರ ಮಂದೆ ಬಂದರೆ?" ಅಂತ ಕೇಳಿದ. ನಾನೂ ಅದನ್ನೇ ಕೇಳುತ್ತಿರೋದು ಅಣ್ಣ, ಅಂದೆ.